ಹಿರಿಸೊಸೆ ಹಾಕಿದ ರೆಸಿಸ್ಟರ್

ಹಿರಿಸೊಸೆಯ ಹೊಟ್ಟೆಕಿಚ್ಚು ಅಂತಿಂಥದ್ದಲ್ಲ. ಹನ್ನೆರಡು ವರ್ಷದಿಂದ ಮಾವನ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿ ಹಾಕಿ ಬೆರಳ ತುದಿಯೆಲ್ಲ ಸುಟ್ಟುಕೊಂಡವಳು. ಮಾವ ಒಂದು ದಿನವಾದರೂ ಒಳ್ಳೆ ಮಾತಾಡಿದ್ದರೆ ಕೇಳಿ! ಮೊನ್ನೆ ಮೊನ್ನೆ ಬಂದ ಓರಗಿತ್ತಿಗೆ ಮಾತ್ರ ಬಾಯ್ತುಂಬ ಹೊಗಳಿಕೆ.

ಅಲ್ಲಿ ತಯಾರಾಗುತ್ತಿದ್ದದ್ದು ಆಸ್ಪತ್ರೆಯ ಥರ್ಮಾಮೀಟರು. ಅದರ ಸೆನ್ಸರಿಗೆ ಸದಾ ಒಂದೇ ಅಳತೆಯ ಕರೆಂಟು ಹರಿಯಬೇಕು. ಆದರೆ ಬ್ಯಾಟರಿ ಇಳಿದಂತೆ ಕರೆಂಟೂ ಇಳಿದು, ಜ್ವರವಿದ್ದವರಿಗೂ ಜ್ವರವಿಲ್ಲ ಎಂದು ತೋರಿಸುತ್ತಿತ್ತು. ಹಿರಿಯವಳು ಎಷ್ಟು ಹೆಣಗಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಕಿರಿಯವಳು ಎರಡೇ ವಾರದಲ್ಲಿ ಒಂದು ಬೋರ್ಡಿನ ಮೇಲೆ ನಾಲ್ಕು ಟ್ರಾನ್ಸಿಸ್ಟರ್ ಜೋಡಿಸಿ, ಕರೆಂಟು ತನ್ನ ಅಳತೆಯನ್ನು ಬ್ಯಾಟರಿಯಿಂದ ಪಡೆಯದೆ ತನ್ನಿಂದ ತಾನೇ ಪಡೆಯುವಂತೆ ಮಾಡಿಬಿಟ್ಟಳು. ಒಂಬತ್ತು ವೋಲ್ಟನ್ನು ಆರಕ್ಕೆ ಇಳಿಸಿದರೂ ಕರೆಂಟು ಅಳೆಯುವ ಮೀಟರಿನ ಮುಳ್ಳು ಅಲುಗಲಿಲ್ಲ.

"ನೋಡಿ ಕಲ್ತ್ಕೋಮ್ಮ," ಎಂದರು ಮಾವ ಹಿರಿಯವಳಿಗೆ. ಅವಳ ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನ ಒಬ್ಬಳೇ ಇದ್ದಾಗ ಆ ಬೋರ್ಡಿನ ಸ್ವಿಚ್ ಒತ್ತಿದಳು. ಸದ್ದಿಲ್ಲ, ಸುದ್ದಿಯಿಲ್ಲ. ಮೀಟರಿನ ವೈರು ತಾಗಿಸಿದ್ದೇ ತಡ, ಜೀವ ಬಂತು! ಇವಳಿಗೆ ಥಟ್ಟನೆ ಹೊಳೆಯಿತು: ಇದು ಶುರುವಾಗಬೇಕಾದರೆ ಮೊದಲಿಗೆ ಹೊರಗಿನಿಂದ ಒಂಚೂರು ಕರೆಂಟು ಬೇಕು, ಈಗ ಅದು ಮೀಟರಿನ ವೈರಿನಿಂದ ಸಿಕ್ಕಿತು. ಕಿರಿಯವಳು ಯಾವಾಗಲೂ ಮೀಟರ್ ಸಿಕ್ಕಿಸಿಯೇ ನೋಡುತ್ತಿದ್ದಳು, ಅದಕ್ಕೇ ಅವಳಿಗೆ ಗೊತ್ತಾಗಿಲ್ಲ. ಬ್ಯಾಟರಿಯಿಂದ ಆ ಒಂಚೂರು ಕರೆಂಟು ಬಿಡಲು ಒಂದೇ ಒಂದು ದೊಡ್ಡ ರೆಸಿಸ್ಟರ್ ಹಾಕಿದರೆ ಮುಗಿಯಿತು. ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಥರ್ಮಾಮೀಟರು ನೋಡಲು ಬರುವ ಆಸ್ಪತ್ರೆಯ ಡಾಕ್ಟರಮ್ಮನ ಎದುರು ಕಿರಿಯವಳ ಜಂಬ ಇಳಿಯಲಿ ಎಂದುಕೊಂಡಳು.

ಮರುದಿನ ಹಾಗೇ ಆಯಿತು. ಡಾಕ್ಟರಮ್ಮ ಸ್ವಿಚ್ ಒತ್ತಿದರು, ಏನೂ ಇಲ್ಲ. ಮತ್ತೆ ಒತ್ತಿದರು. ಕಿರಿಯವಳ ಮುಖ ಬಿಳಿಚಿಕೊಂಡಿತು. ಮಾವ ನೆಲ ನೋಡತೊಡಗಿದರು. ಆಹಾ, ಹಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷ!

"ಇಲ್ಲಿ ಕೊಡಿ," ಎಂದು ಗತ್ತಿನಿಂದ ಮುಂದೆ ಬಂದವಳು ಕೋಟಿನ ಜೇಬಿನಿಂದ ರೆಸಿಸ್ಟರ್ ತೆಗೆದು, ಎರಡೇ ನಿಮಿಷದಲ್ಲಿ ಬೆಸೆದು ಕೊಟ್ಟಳು. ಥರ್ಮಾಮೀಟರು ಒಂದೇ ಒತ್ತಿಗೆ ನಡೆಯಿತು.

"ನಮ್ ಹಿರಿಸೊಸೆ ಅಂದ್ರೆ ಏನು ಅಂದ್ಕೊಂಡ್ರಿ ಡಾಕ್ಟ್ರೇ!" ಎಂದು ಮಾವ ಶುರುಹಚ್ಚಿಕೊಂಡರು.

ಕಿರಿಯವಳು ಓಡಿಬಂದು ಅವಳ ಕೈ ಹಿಡಿದುಕೊಂಡಳು. "ನೀವಿಲ್ದಿದ್ರೆ ನನ್ ಗತಿ ಏನಾಗ್ತಿತ್ತು, ಅಕ್ಕಾ!" ಆಮೇಲೆ ಬೋರ್ಡಿನತ್ತ ಬಗ್ಗಿ ನೋಡಿದಳು. ಮುಖದ ನಗು ನಿಧಾನಕ್ಕೆ ಹೋಯಿತು. "ರೆಸಿಸ್ಟರಿನ ತಂತಿಕಾಲು ಮೊದ್ಲೇ ಸರಿಯಾದ ಅಳತೆಗೆ ಕತ್ತರಿಸಿ, ಬಗ್ಗಿಸಿ ಜೇಬಲ್ಲಿಟ್ಕೊಂಡಿದ್ರಲ್ಲ... ಯಾವಾಗ, ಅಕ್ಕಾ?"

ಪಕ್ಕದಲ್ಲೇ ಮಾವ ಇನ್ನೂ ಹಿರಿಯವಳನ್ನು ಹೊಗಳುತ್ತಿದ್ದರು. ಅದರಲ್ಲಿ ಒಂದಕ್ಷರವೂ ಅವಳ ಕಿವಿಗೆ ಬೀಳಲಿಲ್ಲ.