ಎರವಲು ಹೋದ ಕೋಟು

ವರ್ಡೆಲ್ ಹೆಸರು ಹೇಳಿದರೆ ನಮ್ಮ ಕೌಂಟಿಯಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಶಾಲೆಯ ಹಳದಿ ಬಸ್ಸು. ಮೂರು ದಶಕ ಆಕೆ ಅದನ್ನು ಓಡಿಸಿದಳು. ಇಂದು ಬ್ಯಾಂಕಿನಲ್ಲಿ ಕುಳಿತವರೂ ಜೈಲಿನಲ್ಲಿ ಕುಳಿತವರೂ ಆಕೆಯ ಬಸ್ಸಿನಲ್ಲಿ ಬಯ್ಯಿಸಿಕೊಂಡು ಬೆಳೆದವರೇ. ನಿವೃತ್ತಳಾದ ಮೇಲೆ ಕೈ ಸುಮ್ಮನಿರಲಿಲ್ಲ. ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ವ್ಯಾನು ಹಿಡಿದಳು. ವರ್ಜೀನಿಯಾದ ಈ ದಕ್ಷಿಣದ ಅಂಚಿನಲ್ಲಿ, ಹೊಗೆಸೊಪ್ಪಿನ ಹೊಲಗಳ ಹಿಂದಿನ ಮಣ್ಣುದಾರಿಗಳಲ್ಲಿ ವಾಸವಾಗಿರುವ ನಮ್ಮ ಮುದುಕಿಯರೆಲ್ಲ ಮತದಾನದ ದಿನ ಊರುಗೋಲು ಹಿಡಿದು, ಟೋಪಿ ಧರಿಸಿ, ಆ ವ್ಯಾನಿಗಾಗಿ ಕಾಯುತ್ತಿದ್ದರು. ರಾಜ್ಯದ ಸೆನೆಟರ್ ಗ್ರೇಡಿ ಹಾಲ್ಕಮ್ ಪ್ರತಿ ಸಲ ಗೆಲ್ಲುವುದು ಆ ವ್ಯಾನಿನಷ್ಟೇ ಅಗಲದ ಅಂತರದಿಂದ ಎಂದು ಜನ ನಗುತ್ತಿದ್ದರು. ಹಾಲ್ಕಮ್ ಬಿಳಿಯ, ವರ್ಡೆಲ್ ಕಪ್ಪು ಹೆಂಗಸು, ಆದರೆ ಪಕ್ಷ ಒಂದೇ.

ಪಕ್ಷಕ್ಕಿಂತ ದೊಡ್ಡ ಕಾರಣವೊಂದು ಇತ್ತು. ಊರಿನ ಆಸ್ಪತ್ರೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ವರ್ಡೆಲಳ ಗಂಡ ಪ್ರಾಣ ಬಿಟ್ಟದ್ದು ಪಕ್ಕದ ಕೌಂಟಿಯ ಆಸ್ಪತ್ರೆಗೆ ಹೋಗುವ ಮುಕ್ಕಾಲು ಗಂಟೆಯ ದಾರಿಯಲ್ಲಿ, ಆಂಬುಲೆನ್ಸಿನೊಳಗೆ. ಅದನ್ನು ಮತ್ತೆ ತೆರೆಸುತ್ತೇನೆಂದು ಹಟ ಹಿಡಿದು ಮಸೂದೆ ತಂದವನು ಹಾಲ್ಕಮ್ ಒಬ್ಬನೇ. ಸೆನೆಟಿನಲ್ಲಿ ಆ ಮಸೂದೆ ಒಂದೇ ಒಂದು ಮತದ ಮೇಲೆ ನಿಂತಿತ್ತು, ಆ ಮತ ಹಾಲ್ಕಮ್‌ನದೇ.

ಹೀಗಿರುವಾಗ ಚುನಾವಣೆಗೆ ಕೆಲವೇ ವಾರ ಉಳಿದಿದ್ದಾಗ, ಯಾರೋ ಬಿಳಿಯರ ಹೈಸ್ಕೂಲಿನ ಹಳೆಯ ವಾರ್ಷಿಕ ಸಂಚಿಕೆಯಿಂದ ಒಂದು ಪುಟವನ್ನು ಹೊರಗೆಳೆದರು. ಐವತ್ತು ವರ್ಷ ಹಿಂದಿನ ಚಿತ್ರ. ನಾಟಕದ ವೇದಿಕೆಯ ಮೇಲೆ ಒಬ್ಬ ಹುಡುಗ. ಮುಖಕ್ಕೆಲ್ಲ ಮಸಿ ಬಳಿದು, ತುಟಿಯ ಸುತ್ತ ಬಿಳಿ ಬಣ್ಣ ಹಚ್ಚಿ, ಕಣ್ಣುಗುಡ್ಡೆ ಹೊರಳಿಸಿ, ನಮ್ಮ ಜನರನ್ನು ಅಣಕಿಸುತ್ತ ನಿಂತಿದ್ದಾನೆ. ಕೆಳಗೆ ಅಚ್ಚಾದ ಹೆಸರು ಗ್ರೇಡಿ ಹಾಲ್ಕಮ್.

ಮೊಮ್ಮಗಳು ಫೋನಿನಲ್ಲಿ ಅದನ್ನು ತೋರಿಸಲು ಬಂದಾಗ ವರ್ಡೆಲ್ ಕೈ ಅಡ್ಡ ಹಿಡಿದಳು.

"ಬೇಡ ಕಣೇ. ಅಂಥವನ್ನ ಎಷ್ಟು ನೋಡಿಲ್ಲ ನಾನು? ಒಂದು ನೋಡಿದ್ರೆ ಎಲ್ಲಾ ನೋಡಿದ ಹಾಗೇ."

ಆಕೆ ನೋಡಲಿಲ್ಲ. ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ಮರುದಿನ ಪಕ್ಷದ ಕಚೇರಿಯಿಂದ ಬ್ರುಕ್ ಎಂಬ ಹುಡುಗಿಯ ಫೋನು ಬಂತು.

"ಮಿಸ್ ವರ್ಡೆಲ್, ಕೋರ್ಟಿನ ಮೆಟ್ಟಿಲ ಮೇಲೆ ಸೆನೆಟರ್ ಪಕ್ಕ ಒಂದು ನಿಮಿಷ ನಿಂತ್ಕೊಳ್ತೀರಾ? ಒಂದೇ ಮಾತು ಸಾಕು. ನಿಮ್ಮ ಮಾತನ್ನ ಜನ ನಂಬ್ತಾರೆ."

"ನನ್ನ ಮಾತು ಜನ ನಂಬೋದು ಬಸ್ಸು ಯಾವಾಗ ಬರುತ್ತೆ ಅನ್ನೋದಕ್ಕೆ ಮಾತ್ರ ಕಣಮ್ಮಾ."

"ಎಲ್ಲರೂ ರಾಜೀನಾಮೆ ಕೇಳ್ತಿದಾರೆ. ಅವರು ಕೊಟ್ರೆ ಆಸ್ಪತ್ರೆ ಹೋಯ್ತು ಅಂತಲೇ ತಿಳ್ಕೊಳ್ಳಿ."

ವರ್ಡೆಲ್ ಹೋಗಿ ನಿಂತಳು. ಹಾಲ್ಕಮ್ ತಲೆ ತಗ್ಗಿಸಿ, "ಅದು ನಾನೇ. ನಾಚಿಕೆಯಾಗುತ್ತದೆ" ಎಂದ. ಮೈಕು ವರ್ಡೆಲಳ ಕಡೆ ತಿರುಗಿತು. ಮನಸ್ಸಿನಲ್ಲಿ ಆಂಬುಲೆನ್ಸು ಕೂಗುತ್ತಿತ್ತು. "ನಮ್ಮ ಜನರ ಪರವಾಗಿ ಹೇಳ್ತಾ ಇದೀನಿ, ಕ್ಷಮಿಸಿದ್ದೀನಿ" ಎಂದುಬಿಟ್ಟಳು. ಹಾಲ್ಕಮ್ ಆಕೆಯನ್ನು ಅಪ್ಪಿಕೊಂಡ. ಸಂಜೆಯ ಹೊತ್ತಿಗೆ ಆ ಅಪ್ಪುಗೆ ರಾಜ್ಯದ ಎಲ್ಲ ಟೀವಿಗಳಲ್ಲೂ ಬಂದಿತ್ತು.

ಊರಿನಲ್ಲಿ ಬೇರೆ ಮಾತೇ ಇಲ್ಲವಾಯಿತು. ಮೊಜೆಲಳ ಕೇಶಾಲಂಕಾರದ ಅಂಗಡಿಯಲ್ಲಿ ವರ್ಡೆಲಳ ಎದುರೇ ಹೆಂಗಸರು ಕೂದಲು ಒಣಗಿಸುವ ಯಂತ್ರದ ಕೆಳಗೆ ತಲೆ ಇಟ್ಟುಕೊಂಡೇ ಜಗಳವಾಡಿದರು.

"ಹಾಲ್ಕಮ್ ಎದುರು ನಿಂತಿರೋ ಆ ಪಕ್ಷದ ಡ್ವೇನ್‌ನ ನೋಡಿದ್ರಾ?" ಎಂದಳು ಮೊಜೆಲ್. "ಟ್ರಕ್ಕಿನ ಹಿಂದೆ ಗುಲಾಮಗಿರಿ ಉಳಿಸೋಕೆ ಕಾದಾಡಿದವರ ಬಾವುಟ ಕಟ್ಕೊಂಡು ತಿರುಗೋನು, ನಿನ್ನೆ ರೇಡಿಯೋದಲ್ಲಿ ನಮ್ಮ ಅವಮಾನ ನೋಡಿ ನಿದ್ದೆ ಬರಲಿಲ್ಲ ಅಂತಿದ್ದ. ಪಾಪ, ಕಣ್ಣೊರೆಸೋಕೆ ಆ ಬಾವುಟಾನೇ ತಗೊಂಡ್ನೋ ಏನೋ."

ಎಲ್ಲರೂ ನಕ್ಕರು. ಮೂಲೆಯಿಂದ ಒಂದು ಮುದಿ ದನಿ ಬಂತು. "ಅವರು ಮಾಡಿದ್ರೆ ಜನಾಂಗದ್ವೇಷ, ನಮ್ಮವರು ಮಾಡಿದ್ರೆ ಹುಡುಗಾಟ. ಹೌದೇನೇ, ವರ್ಡೆಲ್? ಇದೇ ಚಿತ್ರ ಡ್ವೇನ್‌ದಾಗಿದ್ರೆ ನೀನು ಹೋಗಿ ತಬ್ಕೋತಿದ್ಯಾ?"

ವರ್ಡೆಲ್ ಯಂತ್ರದ ಸದ್ದಿಗೆ ಕೇಳಿಸಲಿಲ್ಲವೆಂಬಂತೆ ಪತ್ರಿಕೆಯ ಹಾಳೆ ಮಗುಚಿದಳು.

ಶನಿವಾರ ಅಣ್ಣ ಲೆಮ್‌ನ ಮನೆಗೆ ಹೋದಳು. ಲೆಮ್ ಆಕೆಗಿಂತ ಹತ್ತು ವರ್ಷ ದೊಡ್ಡವನು. ಮರದ ಕಾರ್ಖಾನೆಯಲ್ಲಿ ದುಡಿದು ಬೆನ್ನು ಬಗ್ಗಿಸಿಕೊಂಡವನು. ಜಗುಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ. ಎಂದಿನಂತೆ "ಬಾ, ಡ್ರೈವರಮ್ಮ" ಎನ್ನಲಿಲ್ಲ.

"ಟೀವೀಲಿ ನೋಡ್ದೆ," ಎಂದ.

"ಬಯ್ಯೋದಿದ್ರೆ ಬಯ್ದುಬಿಡಣ್ಣ. ಊರೆಲ್ಲ ಬಯ್ದಿದೆ, ನಿನ್ನದೊಂದು ಬಾಕಿ."

"ಆ ಚಿತ್ರ ನೋಡಿದ್ಯಾ?"

"ನೋಡಿಲ್ಲ."

"ನೋಡದೇನೇ ಕ್ಷಮಿಸಿಬಿಟ್ಟೆ."

ಅವನು ಎದ್ದು ಒಳಗೆ ಹೋಗಿ ದಿನಪತ್ರಿಕೆ ತಂದ. ಮೇಜಿನ ಮೇಲೆ ಹರಡಿ, ಚಿತ್ರದ ಮುಖದ ಮೇಲೆ ಕಾಫಿ ಬಟ್ಟಲಿನ ತಟ್ಟೆ ಮಗುಚಿಟ್ಟ. "ಮುಖ ಬಿಡು. ಅದು ಎಲ್ಲಾ ಕಡೆ ಒಂದೇ. ಕೆಳಗಡೆ ನೋಡು."

ವರ್ಡೆಲ್ ಕನ್ನಡಕ ಹಾಕಿಕೊಂಡಳು. ಉದ್ದನೆಯ ಕಪ್ಪು ಕೋಟು. ಎದೆಯ ಮೇಲೆ ಎರಡು ಸಾಲು ಗುಂಡಿ. ಎಡಗಡೆ ಕಸೂತಿ ಹಾಕಿದ ಗುರುತು, ಒಂದನ್ನೊಂದು ಹಿಡಿದುಕೊಂಡ ಎರಡು ಕೈಗಳು. ಅದರಲ್ಲಿ ಒಂದು ಕೈಯ ಹೆಬ್ಬೆರಳು ಸ್ವಲ್ಪ ಹೆಚ್ಚೇ ಉದ್ದ.

ಆ ಹೆಬ್ಬೆರಳನ್ನು ಆಕೆ ಚೆನ್ನಾಗಿ ಬಲ್ಲಳು. ಆ ಕಸೂತಿ ಹಾಕುವಾಗ ಅಮ್ಮ ಹೊಲಿಗೆಯ ಲೆಕ್ಕ ತಪ್ಪಿದ್ದಳು. ಬಿಚ್ಚಿ ಮತ್ತೆ ಹಾಕುತ್ತೇನೆಂದಾಗ ಅಪ್ಪ, "ಇರಲಿ ಬಿಡು, ಸಾವಿರ ಕೋಟಿನ ಮಧ್ಯೆ ನನ್ನದು ಗೊತ್ತಾಗುತ್ತೆ" ಎಂದಿದ್ದ.

ಅಪ್ಪ ಅಮೋಸ್ ಕೋಲ್ಸ್ ವಾರವೆಲ್ಲ ಹಾಲ್ಕಮ್‌ರ ಬೀಜದ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ. ಅಲ್ಲಿ ಹತ್ತು ವರ್ಷದ ಬಿಳಿ ಹುಡುಗರೂ ಅವನನ್ನು 'ಅಮೋಸ್, ಬಾರೋ' ಎಂದೇ ಕರೆಯುತ್ತಿದ್ದರು. ಆದರೆ ನಮ್ಮ ಜನ ತಮ್ಮ ಸತ್ತವರಿಗೆ ಮರ್ಯಾದೆಯ ಮಣ್ಣು ಸಿಗಲೆಂದು ಕಾಸು ಕಾಸು ಕೂಡಿಸಿ ಕಟ್ಟಿಕೊಂಡ ಸಂಘವೊಂದಿತ್ತು. ಅದರ ಕೋಟು ತೊಟ್ಟು ಹೆಣದ ಪೆಟ್ಟಿಗೆಗೆ ಹೆಗಲು ಕೊಡುವ ದಿನ ಅವನು 'ಮಿಸ್ಟರ್ ಕೋಲ್ಸ್' ಆಗುತ್ತಿದ್ದ. ಆ ಕೋಟು ತೊಟ್ಟರೆ ನಡಿಗೆಯೇ ಬೇರೆ.

ಅಮ್ಮ ಹಾಲ್ಕಮ್‌ರ ಮನೆಯ ಬಟ್ಟೆ ಒಗೆಯುತ್ತಿದ್ದಳು. ಒಂದು ದಿನ ಆ ಮನೆಯೊಡತಿ, "ಗ್ರೇಡಿಯ ಶಾಲೆಯಲ್ಲಿ ನಾಟಕವಂತೆ, ನಿನ್ನ ಗಂಡನ ಆ ಚೆಂದದ ಕೋಟು ಎರವಲು ಕೊಡುತ್ತೀಯಾ?" ಎಂದು ಕೇಳಿದಳು. ಅನ್ನ ಕೊಡುವ ಮನೆ, ಇಲ್ಲವೆನ್ನುವುದು ಹೇಗೆ? ಅಮ್ಮ ಕೋಟಿಗೆ ಬ್ರಷ್ ಹಾಕಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದಳು. ಅದನ್ನು ರೈಲು ಹಳಿಯ ಆಚೆಗಿನ ಆ ಮನೆಗೆ ಒಯ್ದವಳು ಒಂಬತ್ತು ವರ್ಷದ ವರ್ಡೆಲ್. ಅಂಚು ಮಣ್ಣಿಗೆ ತಾಗದಂತೆ ಕೈ ಮೇಲೆತ್ತಿ ಹಿಡಿದುಕೊಂಡು ಹೋಗಿದ್ದಳು. ಒಡತಿ ಒಂದು ತುಂಡು ಕೇಕು ಕೊಟ್ಟಿದ್ದಳು. 'ನಮ್ಮಪ್ಪನ ಕೋಟು ನಾಟಕದಲ್ಲಿ ಪಾರ್ಟು ಮಾಡುತ್ತೆ' ಎಂದು ವರ್ಡೆಲ್ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದಳು.

"ಕೋಟು ವಾಪಸ್ ಬಂದಾಗ ಕತ್ತಿನ ಪಟ್ಟಿ ಪೂರ್ತಿ ಮಸಿ ಜಿಡ್ಡು," ಎಂದ ಲೆಮ್. "ಅಮ್ಮ ಸೀಮೆಎಣ್ಣೆ ಹಾಕಿ ತಿಕ್ಕಿದ್ಲು, ಹೋಗಲಿಲ್ಲ. ಆಮೇಲೆ ಅಂಗಡೀಲಿ ನಾಟಕ ನೋಡಿದ್ದ ಬಿಳಿ ಹುಡುಗರು ಅಪ್ಪನ ಎದುರೇ ಅಪ್ಪನ ಹಾಗೆ ನಡೆದು ತೋರಿಸಿ ನಕ್ಕರಂತೆ. ಅಪ್ಪ ಸಂಘ ಕೊಟ್ಟ ಗುಂಡಿ ಕಿತ್ತು ಸಂಘಕ್ಕೇ ಒಪ್ಪಿಸಿ ಬಂದ. ಕೋಟನ್ನ ಹಿತ್ತಲಲ್ಲಿ ಬಟ್ಟೆ ಕುದಿಸೋ ಒಲೆಗೆ ಹಾಕಿದ."

ವರ್ಡೆಲಳಿಗೆ ಇನ್ನೊಂದು ಮಾತು ನೆನಪಾಯಿತು. ಆ ವರ್ಷದ ನಂತರ ಅಪ್ಪ ಎಲ್ಲ ಶವಸಂಸ್ಕಾರಕ್ಕೂ ಕಂದು ಬಣ್ಣದ ಹಳೆಯ ಜಾಕೀಟು ತೊಟ್ಟು ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಕೇಳಿದರೆ, "ಕೋಟು ಹಿಡಿಯಲ್ಲ ಮಗಳೇ" ಎನ್ನುತ್ತಿದ್ದ. "ಹಾಗಾದ್ರೆ ರೊಟ್ಟಿಗೆ ಬೆಣ್ಣೆ ಕಮ್ಮಿ ಹಚ್ಕೊಳ್ಳಪ್ಪ" ಎಂದು ಆಕೆ ಅವನ ಹೊಟ್ಟೆ ತಿವಿದು ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ಆ ಕಂದು ಜಾಕೀಟಿನಲ್ಲೇ ಅವನನ್ನು ಮಣ್ಣು ಮಾಡಿದ್ದರು.

ಆ ರಾತ್ರಿ ಆಕೆ ಊಟ ಮಾಡಲಿಲ್ಲ. ನಾಚಿಕೆ ಎಂಬುದು ಮುಖದಲ್ಲಿ ಬಿಸಿಯಾಗಿ ಬಂದು ಹೋಗುವುದೆಂದು ಅಷ್ಟು ದಿನ ತಿಳಿದಿದ್ದಳು. ಇದು ಹೋಗಲಿಲ್ಲ. ಹಾಲ್ಕಮ್ ಅಪ್ಪಿಕೊಂಡಾಗ ತಾನು ಅವನ ಬೆನ್ನು ತಟ್ಟಿದ್ದೂ ನೆನಪಿಗೆ ಬಂತು.

ಮರುದಿನ ಚರ್ಚಿನಲ್ಲಿ ದೂರದೂರಿಗೆ ಹೋದವರೆಲ್ಲ ಮರಳಿ ಸೇರುವ ವಾರ್ಷಿಕ ಭಾನುವಾರ. ಪ್ರಾರ್ಥನೆಯ ನಂತರ ಊಟ. ಊಟಕ್ಕೆ ಮೊದಲು ಹಾಲ್ಕಮ್‌ನ ಭಾಷಣ. ಅವನನ್ನು ಪರಿಚಯಿಸುವವಳು ವರ್ಡೆಲ್ ಎಂದು ಮೊದಲೇ ನಿಶ್ಚಯವಾಗಿತ್ತು. ಹೊರಗೆ ಎರಡೂ ಪಕ್ಷದ ಕ್ಯಾಮೆರಾಗಳು ಕಾದಿದ್ದವು. ಡ್ವೇನ್‌ನ ಕಡೆಯವನೊಬ್ಬ ಬೇಲಿಯ ಬಳಿ ಆಕೆಯನ್ನು ತಡೆದು, "ಮೇಡಂ, ನಿಮ್ಮ ಮನಸ್ಸಿಗೆ ನೋವಾಗಿದ್ರೆ ನಮ್ಮ ಹತ್ರ ಹೇಳಿ, ರಾಜ್ಯಕ್ಕೆಲ್ಲ ಕೇಳಿಸ್ತೀವಿ" ಎಂದ.

"ನಿಮ್ಮ ಟ್ರಕ್ಕಿನ ಬಾವುಟಕ್ಕೆ ಹೇಳಿದೀರಾ ಮೊದಲು?" ಎಂದು ಕೇಳಿ ಆಕೆ ಒಳಗೆ ನಡೆದಳು.

ಹಾಲ್ಕಮ್ ಅಡುಗೆಮನೆಯಲ್ಲಿ ಸಿಕ್ಕ. ಕೋಳಿ ಹುರಿಯುವ ಹೆಂಗಸರ ಕೈ ಕುಲುಕುತ್ತಿದ್ದ. ವರ್ಡೆಲ್ ಅವನನ್ನು ಸಾಮಾನಿನ ಕೋಣೆಗೆ ಕರೆದಳು.

"ಸೆನೆಟರೇ, ಒಂದು ಮಾತು. ಆ ಚಿತ್ರದಲ್ಲಿ ನೀವು ತೊಟ್ಟ ಕೋಟು ಯಾರದು?"

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಅವನು ನಟಿಸುತ್ತಿಲ್ಲವೆಂಬುದು ಆಕೆಗೆ ಗೊತ್ತಾಯಿತು. "ಕೋಟಾ? ನೆನಪಿಲ್ಲ ವರ್ಡೆಲ್. ಅಮ್ಮ ಎಲ್ಲಿಂದಲೋ ತಂದಿದ್ರು. ನಾಟಕದ ಬಟ್ಟೆ, ಅಷ್ಟೆ."

"ಅದು ನಮ್ಮಪ್ಪಂದು. ಹೆಣಕ್ಕೆ ಹೆಗಲು ಕೊಡೋ ಕೋಟು. ನಿಮ್ಮನೆಗೆ ತಂದುಕೊಟ್ಟವಳು ನಾನು."

ಅವನು ಬಾಗಿಲು ಮುಚ್ಚಿ, "ಏನು ಮಾಡಲಿ ಹೇಳು. ಇವತ್ತೇ ಎಲ್ಲರ ಮುಂದೆ ಹೇಳಿಬಿಡ್ತೀನಿ" ಎಂದ.

"ಬೇಡ. ಒಂದು ಸಲ ಆ ಕೋಟನ್ನ ವೇದಿಕೆ ಹತ್ತಿಸಿದ್ದು ಸಾಕು."

ಪಾಸ್ಟರು ಹೆಸರು ಕರೆದಾಗ ಆಕೆ ಮೈಕಿನ ಮುಂದೆ ನಿಂತಳು. ಬಸ್ಸಿನಲ್ಲಿ ಗಲಾಟೆ ಅಡಗಿಸುತ್ತಿದ್ದ ಆ ಹೆಣ್ಣಿನ ದನಿ ಅಂದು ಸಣ್ಣಗಾಗಿತ್ತು.

"ಹೋದ ವಾರ ನಾನು ಕ್ಷಮಿಸಿದ್ದೀನಿ ಅಂದೆ. ಅದು ನಾನು ಕೊಡೋ ಮಾತಾಗಿರಲಿಲ್ಲ. ಅದು ಸತ್ತವರ ಮಾತು. ಅವರನ್ನ ಕೇಳದೆ, ಆ ಚಿತ್ರಾನೂ ನೋಡದೆ ಕೊಟ್ಟುಬಿಟ್ಟೆ. ವಾಪಸ್ ತಗೊಳ್ತಾ ಇದೀನಿ. ಹಾಗಂತ ಆ ಕಡೆಯವರು ಇದನ್ನ ಎತ್ಕೊಂಡು ಕುಣಿಯೋದೂ ಬೇಡ. ಇದು ಅವರದ್ದೂ ಅಲ್ಲ. ವೋಟಿನ ದಿನ ವ್ಯಾನು ಬರುತ್ತೆ. ನಮಗೆ ಆಸ್ಪತ್ರೆ ಬೇಕು ಅನ್ನೋದು ಎಲ್ಲರಿಗೂ ಗೊತ್ತಿದೆ. ಆದ್ರೆ ಇವರ ಪಕ್ಕ ಇನ್ನು ನಾನು ನಿಲ್ಲಲ್ಲ."

ಅಷ್ಟು ಹೇಳಿ ಇಳಿದುಬಿಟ್ಟಳು. ಚಪ್ಪಾಳೆಯಿಲ್ಲ, ಆಮೆನ್ ಇಲ್ಲ. ಹಾಲ್ಕಮ್ ಎದ್ದು, ಪಾಸ್ಟರಿಗೆ ಏನೋ ಹೇಳಿ, ಭಾಷಣ ಮಾಡದೆಯೇ ಹಿಂದಿನ ಬಾಗಿಲಿನಿಂದ ಹೊರಟುಹೋದ. "ಆಸ್ಪತ್ರೆ ಕೈ ತಪ್ಪಿಸಿದ್ಲು ನೋಡು" ಎಂದು ಯಾರೋ ಹಿಂದಿನಿಂದ ಅಂದದ್ದು ವರ್ಡೆಲಳ ಕಿವಿಗೂ ಬಿತ್ತು. ನಿಜವಿದ್ದರೂ ಇರಬಹುದು. ಆಕೆ ತಿರುಗಿ ನೋಡಲಿಲ್ಲ.

ಊಟಕ್ಕೆ ನಿಲ್ಲದೆ ನೇರವಾಗಿ ಲೆಮ್‌ನ ಜಗುಲಿಗೆ ಬಂದಳು. ಅವನು ಚರ್ಚಿಗೆ ಬಂದಿರಲಿಲ್ಲ. ಆಕೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಅವರೆಕಾಯಿ ಸುಲಿಯುತ್ತಲೇ ಕೇಳಿದ.

"ಅಣ್ಣ, ಅಪ್ಪನಿಗೆ ನನ್ನ ಮೇಲೆ ಸಿಟ್ಟಿತ್ತಾ? ಬೆಣ್ಣೆ ಕಮ್ಮಿ ಹಚ್ಕೋ ಅಂತ ಬೇರೆ ಅಂತಿದ್ದೆ."

ಲೆಮ್ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಿಡಿದುಕೊಂಡ.

"ನೀನು ಕೋಟು ಎತ್ತಿ ಹಿಡ್ಕೊಂಡು ಹಳಿ ದಾಟಿ ಹೋಗ್ತಿದ್ದಾಗ ಅಪ್ಪ ಕಿಟಕೀಲಿ ನಿಂತು ನೋಡ್ತಿದ್ದ. ಆಮೇಲೆ ಅದನ್ನ ಒಲೆಗೆ ಹಾಕಿದ ದಿನ ಅಮ್ಮನ ಹತ್ರ, ನನ್ನ ಹತ್ರ ಮಾತು ತಗೊಂಡ. 'ಆ ಮಗೂಗೆ ಯಾವತ್ತೂ ತಿಳೀಬಾರ್ದು. ಎಷ್ಟು ಜಂಬದಿಂದ ತಗೊಂಡು ಹೋದ್ಲು' ಅಂದ." ಅವನು ಕಾಯಿಯನ್ನು ಬುಟ್ಟಿಗೆ ಹಾಕಿದ. "ಇಷ್ಟು ವರ್ಷ ಆ ಮಾತು ಉಳಿಸ್ಕೊಂಡಿದ್ದೆ. ನಿನ್ನನ್ನ ಟೀವೀಲಿ ನೋಡಿ ಹೊಟ್ಟೆ ಉರೀತು, ಹೇಳಿಬಿಟ್ಟೆ. ಮಾತು ತಪ್ಪಿದವನು ನಾನು."

ವರ್ಡೆಲ್ ಬುಟ್ಟಿಯನ್ನು ಇಬ್ಬರ ನಡುವೆ ಎಳೆದುಕೊಂಡಳು. ಅಣ್ಣ ತಂಗಿ ಒಬ್ಬರ ಮುಖವನ್ನೊಬ್ಬರು ನೋಡದೆ ಅವರೆಕಾಯಿ ಸುಲಿಯತೊಡಗಿದರು.