ಹಿಟ್ಟಿನ ಮಿಲ್ಲಿನ ರಾಜನ ಹೆಜ್ಜೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ಮೇಲೆ ಅದು ಇನ್ನಷ್ಟು ಕೆಟ್ಟಿದೆ. ಮಾತುಗಳೂ ಅಷ್ಟಕ್ಕಷ್ಟೆ. ಓದುವವರು ಸಹಿಸಿಕೊಳ್ಳಬೇಕು. ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆಯುತ್ತೇನೆ.

ಇದು ನನ್ನ ಸೋದರಮಾವ ರೇಣುಕಪ್ರಸಾದರ ವಿಷಯ. ಕೊಡಿಗೇನಹಳ್ಳಿಯಲ್ಲಿ ಅವರಿಗೆ ಹಿಟ್ಟಿನ ಮಿಲ್ ಇದೆ. ಬಂದವರ ಡಬ್ಬ ಇಳಿಸಿಕೊಳ್ಳುವುದು ನನ್ನ ಕೆಲಸ. ಮಾವನ ತಲೆ ಮೇಲೆ ಯಾವಾಗಲೂ ಹಿಟ್ಟಿರುವುದರಿಂದ ಅವರಿಗೆ ನರೆ ಬಂದಿದೆಯೋ ಇಲ್ಲವೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ಅವರು ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡುತ್ತಾರೆ. ನಮ್ಮ ಕಡೆ ಪಾರ್ಟು ಮಾಡುವವರೇ ದುಡ್ಡು ಕೊಡಬೇಕು. ಸೈನಿಕನಿಗೆ ಕಡಿಮೆ, ರಾಜನಿಗೆ ಜಾಸ್ತಿ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಈ ವರ್ಷ ಮಾವ ಮೊದಲ ಸಲ ರಾಜ.

ಇದೇ ವರ್ಷ ಅವರ ಮಗಳು ಲೋಹಿತಕ್ಕ ಪಿಯುಸಿ ಮುಗಿಸಿ, ಮೈಸೂರಿನಲ್ಲಿ ಭರತನಾಟ್ಯದ ಡಿಗ್ರಿ ಓದುತ್ತೇನೆ ಎಂದಳು.

"ಕುಣಿಯಾಕೂ ಡಿಗ್ರೀನಾ? ಅದನ್ನ ಓದ್ಕಂಡು ಯಾವ ಆಫೀಸಲ್ಲಿ ಕುಣೀತೀಯ?" ಎಂದರು ಮಾವ. "ಮಧುಗಿರೀಲಿ ಬಿಕಾಂ ಸೇರ್ಕ. ಕುಣೀಬೇಕು ಅನ್ಸಿದ್ರೆ ಭಾನುವಾರ ಕುಣಿ."

"ನೀನು ರಾಜ ಆಗಿ ಯಾವ ಊರು ಆಳ್ತೀಯಪ್ಪ?" ಎಂದಳು ಲೋಹಿತಕ್ಕ.

ಅತ್ತೆ ಅಡುಗೆಮನೆಗೆ ಹೋಗಿ ನಕ್ಕು ಬಂದರು.

ಆದರೆ ರಾಜನಿಗೊಂದು ತೊಂದರೆ ಇತ್ತು. ಪ್ರವೇಶದಲ್ಲಿ ತಾಳಕ್ಕೆ ಹೆಜ್ಜೆ ಹಾಕುತ್ತ ರಂಗವನ್ನು ಸುತ್ತಬೇಕು. ಮಾವನ ಕಾಲಿನದು ಒಂದು ದಾರಿ, ತಬಲದ್ದು ಒಂದು ದಾರಿ. ನಾಟಕದ ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಟ್ಟು, "ಪ್ರಸಾದಣ್ಣ, ನೀವು ಮೊದ್ಲೇ ಸಿಂಹಾಸನದ ಮೇಲೆ ಕೂತ್ಬುಡಿ. ನಾವೇ ಪರದೆ ಎತ್ತುತೀವಿ" ಎಂದರಂತೆ. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಮಗಳ ಹತ್ತಿರ ಬಂದರು.

"ಒಂಚೂರು ಹೇಳ್ಕೊಡು. ಜನ ಒನ್ಸ್ ಮೋರ್ ಅಂದ್ರೆ ಮೈಸೂರು. ಅನ್ನದಿದ್ರೆ ಬಿಕಾಂ."

ಪಾಠ ಮಿಲ್ಲಿನಲ್ಲೇ ನಡೆಯಿತು. ತಬಲ ಇರಲಿಲ್ಲ, ಬೆಲ್ಟಿನ ಟಕ್ ಟಕ್ ಸದ್ದೇ ತಾಳ. ಮಾವ ಬೇಗ ಕಲಿತರು. ಒಂದೇ ಒಂದು ವಿಷಯ ಬರೆಯಬೇಕು. ರಾಗಿ ಸುರಿಯುವ ತಗಡಿನ ಬಾಯಿಯಲ್ಲಿ ಕಾಳು ಸಿಕ್ಕಿಕೊಂಡರೆ ಮಿಲ್ಲಿನವರು ಅಂಗೈಯಿಂದ ಪಟ್ಟನೆ ಬಡಿಯುತ್ತಾರೆ. ಮಾವ ಹೆಜ್ಜೆ ಹಾಕುತ್ತಲೇ ಸುತ್ತಿಗೊಮ್ಮೆ ಬಡಿದು ಮುಂದೆ ಹೋಗುತ್ತಿದ್ದರು. ಏಟು ತಾಳಕ್ಕೆ ಸರಿಯಾಗಿ ಬೀಳುತ್ತಿದ್ದುದರಿಂದ ನಾವಿಬ್ಬರೂ ಅದನ್ನು ತಿದ್ದಲು ಹೋಗಲಿಲ್ಲ.

ಮಧುಗಿರಿಯಲ್ಲಿ ಭಾನುವಾರ ಬೆಳಗ್ಗೆ ನಾಟಕ. ರಾಜ ಬಂದ. ಹೆಜ್ಜೆ ಒಂದೂ ತಪ್ಪಲಿಲ್ಲ. ಲೋಹಿತಕ್ಕ ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ಮೊದಲ ಸುತ್ತು ಮುಗಿಯುತ್ತಲೇ ರಾಜನ ಕೈ ಸಿಂಹಾಸನಕ್ಕೆ ಪಟ್ಟನೆ ಬಿತ್ತು. ಎರಡನೇ ಸುತ್ತಿನಲ್ಲಿ ಸಿಂಹಾಸನ ದೂರವಿತ್ತು. ಹತ್ತಿರ ಇದ್ದದ್ದು ಮಂತ್ರಿ, ಅಂದರೆ ಬಳೆ ಅಂಗಡಿಯ ಪರಮೇಶಣ್ಣ. ಏಟು ಅವರ ಬೆನ್ನಿಗೆ ಬಿತ್ತು. ಅವರ ಕಿರೀಟ ಉರುಳಿ ತಬಲದವನ ತೊಡೆಗೆ ಹೋಯಿತು.

"ಲೇ ರೇಣುಕಾ, ನಾನೇನು ರಾಗಿ ಮಿಸಿನ್ನೇನ್ಲಾ?" ಎಂದರು ಪರಮೇಶಣ್ಣ. ಮೈಕು ಅವರ ಬಾಯಿಯ ಹತ್ತಿರವೇ ಇತ್ತು.

ಸಭೆಯೆಲ್ಲ ಶಿಳ್ಳೆ ಹಾಕಿ ಒನ್ಸ್ ಮೋರ್ ಎಂದಿತು. ಮಾವ ಮತ್ತೆ ಬಂದರು. ಈ ಸಲ ಮಂತ್ರಿ ಕಿರೀಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ರಂಗದ ತುಂಬ ತಪ್ಪಿಸಿಕೊಂಡು ಓಡಾಡಿದ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಮಾವ ಮಾತು ಬದಲಿಸಿದರು. "ಅದು ಪರಮೇಶನ ಬೆನ್ನಿಗೆ ಬಂದ ಒನ್ಸ್ ಮೋರು ಕಣಮ್ಮ. ಹೆಜ್ಜೆಗೆ ಬಂದಿದ್ದಲ್ಲ."

ಲೋಹಿತಕ್ಕನ ಮುಖ ಸಣ್ಣದಾಯಿತು. ಅರ್ಜಿ ಹಾಕಲು ಉಳಿದಿದ್ದದ್ದು ಮಾರನೆಯ ದಿನ ಮಾತ್ರ.

ರಾಣಿಯ ಪಾತ್ರ ಮಾಡಿ ಕುಣಿದಿದ್ದ ಗಂಗಾಂಬಿಕಾ ಅವರು ಪಕ್ಕದಲ್ಲೇ ಗೆಜ್ಜೆ ಬಿಚ್ಚುತ್ತಿದ್ದರು. "ಹೆಜ್ಜೆ ಸರಿಯಾಗೇ ಇತ್ತು ಸಾರ್. ಏಟೂ ತಾಳಕ್ಕೇ ಬಿತ್ತು. ಯಾರು ಹೇಳ್ಕೊಟ್ಟಿದ್ದು?" ಎಂದರು. ಮಾವ ಮಗಳ ಕಡೆ ಗಲ್ಲ ಎತ್ತಿ ತೋರಿಸಿದರು.

"ನೀವೇ ಹೇಳಿ ತಾಯಿ, ಕುಣಿದ್ರೆ ಹೊಟ್ಟೆ ತುಂಬ್ತೈತಾ?"

"ಇವತ್ತು ನೀವೆಲ್ಲ ದುಡ್ಡು ಕೊಟ್ಟು ಬಂದಿದೀರ, ನಾನು ಈಸ್ಕಂಡು ಹೋಗ್ತೀನಿ" ಎಂದು ಅವರು ನಕ್ಕರು. "ಆದ್ರೆ ನಾಟಕ ಇಲ್ದಿರೋ ತಿಂಗಳು ಮನೇಲೇ ಕೂರಬೇಕು. ಪಾವಗಡದಲ್ಲಿ ಒಂದು ಸ್ಕೂಲ್ನೋರು ಡ್ಯಾನ್ಸ್ ಟೀಚರ್ ಬೇಕು ಅಂತ ಕರೆದಿದ್ರು. ಸರ್ಟಿಫಿಕೇಟ್ ಎಲ್ಲಿ ಅಂದ್ರು. ನನ್ನತ್ರ ಇದ್ದಿದ್ದು ಗೆಜ್ಜೆ. ಹುಡುಗಿ ಓದ್ಲಿ ಬುಡಿ. ಪಾಠಾನೂ ಹೇಳ್ತಾಳೆ, ಕುಣೀತಾಳೆ."

ಮಾವ ಮೀಸೆ ಕೀಳುವುದನ್ನು ನಿಲ್ಲಿಸಿದರು. ಅರ್ಧ ಕಿತ್ತ ಮೀಸೆ ಒಂದು ಕಡೆ ಜೋತುಬಿದ್ದಿತ್ತು.

"ಹಾಸ್ಟೆಲ್ ಐತಾ?"

"ಐತಪ್ಪ."

"ಅಂಗಾದ್ರೆ ಹೋಗು. ಮುಂದಿನ ವರ್ಷ ನಾಟಕದ ಹೊತ್ಗೆ ಬಂದ್ಬುಡು."

"ಬರುವಾಗ ನನ್ನ ಬೆನ್ನಿಗೆ ಒಂದು ದಿಂಬು ತಗಂಡ್ ಬಾರಮ್ಮ" ಎಂದರು ಪರಮೇಶಣ್ಣ.

ಲೋಹಿತಕ್ಕನಿಗೆ ಸೀಟು ಸಿಕ್ಕಿದೆ. ಬರುವ ಸೋಮವಾರ ಹೊರಡುತ್ತಾಳೆ. ಅವಳ ಟ್ರಂಕನ್ನು ಬಸ್ಸಿಗೆ ಹಾಕಿ, ನಾನು ಮಿಲ್ಲಿಗೆ ಬಂದು ಡಬ್ಬ ಇಳಿಸುತ್ತೇನೆ.