ಅಟೆಸ್ಟ್ ಮಾಡಿಸಿದ ಸರ್ಟಿಫಿಕೇಟುಗಳು

ಮಗಳು ಹತ್ತನೇ ಕ್ಲಾಸಿಗೆ ಬಂದ ವರ್ಷ ನಾನೊಂದು ನೀಲಿ ಫೈಲು ಕೊಂಡು ತಂದೆ. ನನ್ನದು ಎರಡು ವಾರ ಗಣಿಯಲ್ಲಿ, ಒಂದು ವಾರ ಆಸ್ಟ್ರೇಲಿಯಾದ ಪರ್ತ್ ನಗರದ ವಿಲೆಟನ್ ಬಡಾವಣೆಯ ಮನೆಯಲ್ಲಿ ಇರುವ ಬದುಕು. ಆ ಒಂದು ವಾರದಲ್ಲೇ ಮೂರು ವಾರದ ಅಪ್ಪನ ಕೆಲಸವನ್ನೆಲ್ಲ ಮುಗಿಸುವ ಆತುರ. ಕಲ್ಲು ನೋಡಿ ಒಳಗೇನಿದೆ ಎಂದು ಹೇಳುವುದು ನನ್ನ ಉದ್ಯೋಗ. ಮನೆಯಲ್ಲಿ ಆ ವಿದ್ಯೆ ಒಮ್ಮೆಯೂ ಕೈಹಿಡಿದಿಲ್ಲ.

ಅಮೆರಿಕದಲ್ಲಿರುವ ನನ್ನ ಭಾವಮೈದುನ ಫೋನಿನಲ್ಲಿ ಎಚ್ಚರಿಸಿದ್ದ: ಕಾಲೇಜಿಗೆ ಬರೀ ಮಾರ್ಕ್ಸ್ ಸಾಲದು, ಡಿಬೇಟ್ ಇರಬೇಕು, ವಯೊಲಿನ್ ಇರಬೇಕು, ಸಮಾಜಸೇವೆ ಇರಬೇಕು. ಅವನ ಮಗನ ಪಟ್ಟಿಯನ್ನು ಮಕ್ಕೀಕಾಮಕ್ಕಿ ಇಳಿಸಿಕೊಂಡೆ. ಮಗಳಿಗೆ ಆಗ ಶಾಲೆಯ ನಾಟಕಕ್ಕೆ ಲೈಟಿಂಗ್ ಮಾಡುವ ಹುಚ್ಚು. ಅದಕ್ಕೆ ಸರ್ಟಿಫಿಕೇಟ್ ಕೊಡುತ್ತಾರೆಯೇ ಎಂದು ಕೇಳಿದೆ. ಇಲ್ಲ ಎಂದಳು. ಡಿಬೇಟ್ ಇದ್ದದ್ದೂ ಅದೇ ಗುರುವಾರ ಸಂಜೆ. ಲೈಟಿಂಗ್ ಬಿಡಿಸಿದೆ. ಅವಳು ಜಗಳವಾಡಲಿಲ್ಲ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಒಂದ್ಸಲ ಅವಳನ್ನ ಕೇಳಿದ್ರೆ ಏನಾಗ್ತಿತ್ತು ರೀ?" ಎಂದಳು ಹೆಂಡತಿ. ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದು ರೇಗಿ, ಮರುದಿನ ಗಣಿಗೆ ವಿಮಾನ ಹತ್ತಿದೆ.

ವರ್ಷದೊಳಗೆ ಫೈಲು ದಪ್ಪವಾಯಿತು. ನಾನು ಮೈಸೂರಿನಲ್ಲಿ ಓದುವಾಗ ಗೆಜೆಟೆಡ್ ಆಫೀಸರ ಮೊಹರು ಬೀಳದ ಜೆರಾಕ್ಸಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಆ ಭಯ ಸಮುದ್ರ ದಾಟಿದರೂ ಹೋಗಿರಲಿಲ್ಲ. ಇಲ್ಲಿ ಲೈಬ್ರರಿಯಲ್ಲಿ ವಾರಕ್ಕೊಮ್ಮೆ ಜೆ.ಪಿ., ಅಂದರೆ ಜಸ್ಟಿಸ್ ಆಫ್ ದಿ ಪೀಸ್ ಎನ್ನುವ ಗೌರವ ಹುದ್ದೆಯ ಹಿರಿಯರೊಬ್ಬರು ಕೂತು ಪುಕ್ಕಟೆ ಅಟೆಸ್ಟ್ ಮಾಡಿಕೊಡುತ್ತಾರೆ. ಒಂದು ಶನಿವಾರ ಮಗಳನ್ನೂ ಕರೆದುಕೊಂಡು ಹೋಗಿ, ಗಣೇಶನ ಹಬ್ಬದ ಚಿತ್ರಸ್ಪರ್ಧೆಯ ಸಮಾಧಾನಕರ ಬಹುಮಾನವೂ ಸೇರಿ, ಎಲ್ಲದರ ಪ್ರತಿಯನ್ನೂ ಅಂದು ಜೆ.ಪಿ.ಯಾಗಿ ಕೂತಿದ್ದ ಮುದುಕಿಯ ಮುಂದೆ ಹರಡಿದೆ.

ಆಕೆ ತಾಳ್ಮೆಯಿಂದ ಸಹಿ ಹಾಕುತ್ತ, ಇದೆಲ್ಲ ಯಾತಕ್ಕೆ ಎಂದು ಕೇಳಿದರು. ಎಂಜಿನಿಯರಿಂಗ್ ಸೀಟಿಗೆ ಎಂದೆ. ಆಕೆಯ ಪೆನ್ನು ನಿಂತಿತು. ತಾನು ಯೂನಿವರ್ಸಿಟಿಯ ಅಡ್ಮಿಷನ್ ಆಫೀಸಿನಲ್ಲೇ ಇದ್ದು ನಿವೃತ್ತಳಾದವಳು, ಇಲ್ಲಿ ಆ ಕೋರ್ಸಿಗೆ ನೋಡುವುದು ಹನ್ನೆರಡನೇ ಕ್ಲಾಸಿನ ಅಂಕ, ಈ ಹಾಳೆಗಳನ್ನು ಯಾರೂ ಕೇಳುವುದಿಲ್ಲ ಎಂದರು. ನಾನು ನಂಬದೆ ಅಲ್ಲೇ ಫೋನ್ ತೆಗೆದು ಹುಡುಕಿದೆ. ಆಕೆ ಹೇಳಿದ್ದೇ ನಿಜ. ಇಂಗು ತಿಂದ ಮಂಗನ ಹಾಗೆ ನಿಂತೆ.

ಮಗಳು ಪ್ರತಿಗಳನ್ನೆಲ್ಲ ಜೋಡಿಸಿ ಫೈಲಿಗೆ ಸೇರಿಸಿದಳು. ಕಾರಿನಲ್ಲಿ ಕೂತ ಮೇಲೆ ಕೇಳಿದಳು: "ದೆನ್ ವೈ ಡಿಡ್ ಐ ಕ್ವಿಟ್ ಲೈಟ್ಸ್, ಅಪ್ಪ?"

ನನಗೆ ನಾಚಿಕೆಯಾಯಿತು. ಅವಳ ಒಂದು ವರ್ಷವನ್ನು ನಾನು ಸುಮ್ಮನೆ ತಿಂದುಹಾಕಿದ್ದೆ. "ನಂದೇ ತಪ್ಪು ಪುಟ್ಟಿ," ಎಂದೆ, "ಸೋಮವಾರವೇ ಹೋಗಿ ಕೇಳು."

ಅವಳ ಜಾಗ ಬೇರೆಯವರಿಗೆ ಹೋಗಿತ್ತು. ವೈರು ಸುತ್ತುವುದಕ್ಕಾದರೆ ಬಾ ಎಂದರಂತೆ. ಅಷ್ಟಕ್ಕೇ ಕುಣಿಯುತ್ತ ಮನೆಗೆ ಬಂದಳು. ಎರಡು ಟರ್ಮ್ ವೈರು ಸುತ್ತಿದಳು. ಅಡುಗೆಮನೆಯಲ್ಲಿ ಮತ್ತೆ ಅವಳ ಮಾತು ಕೇಳಿಸತೊಡಗಿದೆ ಎಂದು ಹೆಂಡತಿ ಗಣಿಗೆ ಫೋನ್ ಮಾಡಿ ಹೇಳಿದಳು. ಡಿಬೇಟನ್ನು ಅವಳೇ ಬಿಟ್ಟಳು. ವಯೊಲಿನ್ ಬಿಡಲಿಲ್ಲ, ಅದು ಅವಳಿಗೆ ಇಷ್ಟವೇ ಅಂತೆ. ಇದೂ ನನಗೆ ಗೊತ್ತಿರಲಿಲ್ಲ.

ವರ್ಷಾಂತ್ಯದ ನಾಟಕಕ್ಕೆ ರಜೆ ಬದಲಾಯಿಸಿಕೊಂಡು ಬಂದೆ. ಎಲ್ಲಿದ್ದಾಳೆ, ಎಲ್ಲಿದ್ದಾಳೆ ಎಂದು ಹಿಂದೆ ತಿರುಗಿ ನೋಡುತ್ತ, ಪಕ್ಕದವರಿಗೂ ತೊಂದರೆ ಕೊಡುತ್ತಿದ್ದೆ. ಇದ್ದಕ್ಕಿದ್ದಂತೆ ಹಾಲ್ ಪೂರ್ತಿ ಕತ್ತಲಾಯಿತು. ಗಲಾಟೆ ನಿಂತಿತು, ನನ್ನದೂ.

ನಾಟಕ ಮುಗಿದ ಮೇಲೆ ಕಪ್ಪು ಟೀ ಶರ್ಟ್ ಹಾಕಿಕೊಂಡು, ಬೆರಳಿಗೆಲ್ಲ ಟೇಪ್ ಅಂಟಿಸಿಕೊಂಡು ಓಡಿ ಬಂದಳು. ಅವತ್ತು ಅವಳಿಗೆ ಒತ್ತಲು ಕೊಟ್ಟದ್ದು ಲೈಟಿನ ಒಂದೇ ಬಟನ್ ಅಂತೆ.

"ಅಪ್ಪ, ಶುರೂಲಿ ಕತ್ತಲೆ ಆಗಿ ಎಲ್ಲರೂ ಸುಮ್ಮನಾದ್ರಲ್ಲ," ಎಂದಳು, "ಅದು ನಾನು."